ಬೇಲಿಯೊಳಗಿನ ಜೊಂಡು ಉಲಿಯಕ್ಕಿ

ಗಂಡಸಿ ರಸ್ತೆಯ ನಮ್ಮ ತೆಂಗಿನ ತೋಟದ ಬೇಲಿಗೆ ಚಳಿಗಾಲದಲ್ಲಿ ಒಂದು ಹಕ್ಕಿ ಬಂದು ಸೇರಿಕೊಳ್ಳುತ್ತದೆ. ಮಾಸಲು ಕಂದು, ಪುಟ್ಟ ಮೈ, ಹೇಳಿಕೊಳ್ಳುವಂಥ ಗುರುತು ಒಂದೂ ಇಲ್ಲ. ಎರಡು ವರ್ಷ ಅದನ್ನು ದರ್ಜಿ ಹಕ್ಕಿ ಎಂದೇ ನಂಬಿದ್ದೆ. ಹಗರೆಯಿಂದ ಬಂದ ಗೆಳೆಯ, ನನ್ನ ಜೊತೆ ಶಾಲೆಯಲ್ಲಿ ಓದಿದವನು, ಕೇಳಿ ನಕ್ಕುಬಿಟ್ಟ.

“ದರ್ಜಿಗೆ ನೆತ್ತಿ ಕೆಂಪು, ಬೆನ್ನು ಹಸಿರು ಕಣ್ಲಾ. ಇದ್ಕೇನೈತೆ? ನಿನ್ನಂಗೆ, ಜನದ್ ಮಧ್ಯೆ ನಿಂತ್ರೆ ಗೊತ್ತೇ ಆಗಕಿಲ್ಲ. ಕಣ್ ಮುಚ್ಕೊಂಡು ಕಿವಿ ಕೊಡು.”

ಕೊಟ್ಟೆ. ಚಕ್... ಚಕ್... ನಾಲಗೆಯನ್ನು ಅಂಗುಳಕ್ಕೆ ತಾಗಿಸಿ ಬಿಟ್ಟಂತೆ. ಜೊಂಡು ಉಲಿಯಕ್ಕಿ ಎಂದ. ನಮ್ಮಲ್ಲಿ ಜೊಂಡೇ ಇಲ್ಲವಲ್ಲ ಎಂಬುದು ನನ್ನ ಮೊದಲ ಚಿಂತೆ. ಹಿಮಾಲಯದಾಚೆಯಿಂದ ಬಂದು, ಹತ್ತು ಮಾರು ಲಂಟಾನದ ಬೇಲಿ ತನ್ನದೆಂದು, ಇನ್ನೊಂದು ಉಲಿಯಕ್ಕಿಯನ್ನು ಒಳಗೆ ಬಿಡದೆ ಬೇಸಿಗೆಯವರೆಗೂ ಕಾಯುತ್ತದೆ ಎಂದ ಮೇಲಂತೂ ಚಿಂತೆ ದುಪ್ಪಟ್ಟಾಯಿತು. ಬೇಲಿ ಸವರಲು ಬಂದ ಆಳನ್ನು ವಾಪಸು ಕಳಿಸಿದೆ. ಪಕ್ಕದ ತೋಟದ ಬೆಕ್ಕಿನ ಮೇಲೆ ಕಣ್ಣಿಟ್ಟೆ.

“ನಂಗೆ ಜ್ವರ ಬಂದಾಗ ಇಷ್ಟು ಸಲ ಎದ್ದು ನೋಡ್ಲಿಲ್ಲ ಕಣ್ರೀ” ಎಂದಳು ಹೆಂಡತಿ.

ಕಳೆದ ಚಳಿಗಾಲ ಅದರ ಸದ್ದನ್ನು ಮೊಬೈಲಿನಲ್ಲಿ ಹಿಡಿದು, ಗುರುತು ಖಚಿತ ಮಾಡಿಕೊಳ್ಳಲು ಗೆಳೆಯನಿಗೆ ಕಳಿಸಿದೆ. “ಅದೇ ಕಣ್ಲಾ, ಪಾಸಾದೆ” ಎಂದ.

ಆ ವಾರದ ಭಾನುವಾರ ಬೆಳಗ್ಗೆ ತೋಟಕ್ಕೆ ಹೋದರೆ ಬೇಲಿಯೆದುರು ಮೂರು ದೊಡ್ಡ ಕ್ಯಾಮೆರಾ. ಹಳೇಬೀಡು ಕೆರೆಗೆ ಹಕ್ಕಿಗಳ ಫೋಟೊ ತೆಗೆಯಲು ಬಂದವರು. ಅವರನ್ನು ಕರೆತಂದು ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದವನು ನನ್ನ ಗೆಳೆಯ. ಅವನ ಮೊಬೈಲಿನಿಂದ ಚಕ್, ಚಕ್. ನಡುವೆ ಒಂದು ಕೆಮ್ಮು. ಅದು ನನ್ನದು, ಸದ್ದು ಹಿಡಿಯುವಾಗ ಕೆಮ್ಮಿದ್ದೆ. ತನ್ನ ಬೇಲಿಗೆ ಬೇರೊಂದು ಹಕ್ಕಿ ನುಗ್ಗಿತೆಂದು ನಂಬಿ, ಪೊದೆ ಬಿಟ್ಟು ಹೊರಬಾರದ ಆ ಜೀವ ಬೋಳು ಕೊಂಬೆಯ ಮೇಲೆ ಪುಕ್ಕ ಉಬ್ಬಿಸಿಕೊಂಡು ನನ್ನ ಕೆಮ್ಮಿನೊಂದಿಗೆ ಜಗಳಕ್ಕೆ ನಿಂತಿತ್ತು.

“ಏನ್ಲಾ ಇದು?”

“ಅಯ್ಯೋ, ಹತ್ ನಿಮಿಷ ಕಣ್ಲಾ. ಅದೇನ್ ಸವ್ದೋಯ್ತದಾ?”

ಬೈಯಬೇಕಿತ್ತು. ಕ್ಯಾಮೆರಾದವರಿಗೆ ಎಳನೀರು ಬೇಕೇ ಎಂದು ಕೇಳಿದೆ. ನಾನು ಇಂಥವನು.

ಮರುದಿನದಿಂದ ಬೇಲಿಯಲ್ಲಿ ಸದ್ದಿಲ್ಲ. ಎಂಟು ದಿನ ಕಾದೆ. ಒಂಬತ್ತನೆಯ ದಿನ ಮೂಲೆಯ ಪೊದೆಯೊಳಗೆ ಸಣ್ಣಗೆ ಚಕ್ ಎಂದಿತು. ಹೆಂಡತಿಗೂ ಹೇಳಲಿಲ್ಲ.

ಆ ವಾರವೇ ಗೆಳೆಯ ಬಂದ. ತೋಟದ ಮನೆಯ ಕಟ್ಟೆಯ ಮೇಲೆ ಕಾಫಿ ಕೊಟ್ಟೆ.

“ಹಕ್ಕಿ ಹೆಂಗೈತೆ?”

“ಹೊಂಟೋಯ್ತು. ನಿನ್ ಪುಣ್ಯ.”

ಅವನಿಗೆ ನಾನು ಹೇಳಿದ ಮೊದಲ ಸುಳ್ಳು. ಅದು ಮುಗಿಯುವಷ್ಟರಲ್ಲಿ ಮೂಲೆಯಿಂದ ಚಕ್, ಚಕ್. ನನಗೇ ಕೇಳಿಸಿತು ಎಂದ ಮೇಲೆ ನನಗೆ ಕಲಿಸಿದವನಿಗೆ ಕೇಳದಿರುತ್ತದೆಯೇ? ಅವನು ಲೋಟದಿಂದ ಮುಖ ಎತ್ತಲಿಲ್ಲ. ನಿಧಾನವಾಗಿ ಕುಡಿದು ಮುಗಿಸಿ ಎದ್ದ.

“ಬತ್ತೀನಿ ಕಣ್ಲಾ.”

ಬಾ ಎನ್ನಬೇಕಿತ್ತು. ನಾನು ಬೇಲಿ ಕಾಣದಂತೆ ಅಡ್ಡ ನಿಂತಿದ್ದೆ.