ಗೌರಿ ಹಬ್ಬ ಕಳೀಲಿ ಅಂದಿದ್ದೆ

ನನ್ನ ಹೆಂಡತಿಯ ಎರಡೂ ಕಿಡ್ನಿ ಕೆಲಸ ಬಿಟ್ಟ ವರ್ಷ ನಾವು ಮಿರ್ಲೆಯಿಂದ ಕೆ.ಆರ್. ನಗರಕ್ಕೆ ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಹೋಗುತ್ತಿದ್ದೆವು. ಅವಳ ಕುತ್ತಿಗೆಯ ಬಲಗಡೆ ಒಂದು ಪೈಪು ಕೂರಿಸಿದ್ದರು. ಮೆಷಿನ್ನಿಗೆ ರಕ್ತ ಹೋಗುವುದು, ಬರುವುದು ಎಲ್ಲ ಅದರಲ್ಲೇ. ನಾನು ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬಸ್‌ಸ್ಟಾಂಡಿನಿಂದ ವಾಪಸು ಬಂದು ನೋಡುವ ಆಸಾಮಿ. ಆ ಪೈಪನ್ನು ಮೊದಲ ತಿಂಗಳು ನಂಬಲೇ ಇಲ್ಲ. ಆಮೇಲೆ ಹೇಗೋ ನಂಬಿದೆ. ನಂಬಿದ ಮೇಲೆ, ಅದನ್ನು ತೆಗೆಯಬೇಕು ಎಂದವರನ್ನೆಲ್ಲ ಅನುಮಾನದಿಂದ ನೋಡತೊಡಗಿದೆ.

ಹಾಗೆಂದವರು ಮೈಸೂರಿನ ಸರ್ಜನ್. ಹಾಳೆಯ ಮೇಲೆ ತೋಳಿನ ಚಿತ್ರ ಬರೆದು ತೋರಿಸಿದರು. ಕುತ್ತಿಗೆಯ ಪೈಪು ಸ್ವಲ್ಪ ದಿನಕ್ಕೆ ಮಾತ್ರ, ಸೋಂಕು ತಗುಲಿದರೆ ನೇರ ರಕ್ತಕ್ಕೆ. ಎಡಗೈಯಲ್ಲಿ, ರಕ್ತ ರಭಸವಾಗಿ ಬರುವ ನಾಳವನ್ನು ಪಕ್ಕದ ಮೆತ್ತನೆಯ ನಾಳಕ್ಕೆ ಸೇರಿಸಿ ಹೊಲಿದರೆ, ಒಂದೆರಡು ತಿಂಗಳಲ್ಲಿ ಅದು ದಪ್ಪಗಾಗಿ ಸೂಜಿ ತಡೆಯುತ್ತದೆ. ಅದಕ್ಕೇ ಫಿಸ್ಟುಲಾ ಎನ್ನುವುದು. ನಾಳ ತೀರಾ ಸಣ್ಣದಾದರೆ ಚರ್ಮದಡಿ ಕೃತಕ ಕೊಳವೆ. ಎರಡು ಕೈಯಲ್ಲೂ ಆಗದಿದ್ದರೆ ತೊಡೆ.

‘ನಾಲೆ ನೀರನ್ನ ನಡುವೆ ತಿರುಗಿಸಿಬಿಟ್ರೆ ಕೊನೇ ಗದ್ದೆಗೆ ಏನ್ ಸಿಗುತ್ತೆ ಸಾರ್? ಬೆರಳಿಗೆ ರಕ್ತ?’ ಎಂದು ಕೇಳಿದೆ.

‘ಒಳ್ಳೇ ಪ್ರಶ್ನೆ. ಅಪರೂಪಕ್ಕೆ ಹಾಗೂ ಆಗುತ್ತೆ. ಬೆರಳು ತಣ್ಣಗಾದ್ರೆ, ನೋವು ಬಂದ್ರೆ ತಕ್ಷಣ ಬನ್ನಿ.’

ನನ್ನ ಅನುಮಾನವನ್ನು ಒಬ್ಬರು ಸರಿ ಎಂದದ್ದು ಅದೇ ಮೊದಲು. ಅನುಮಾನಗಳೆಲ್ಲ ಸುಳ್ಳಾಗುತ್ತವೆಂಬ ಧೈರ್ಯದ ಮೇಲೆ ತಾನೇ ನಾನು ಇಷ್ಟು ವರ್ಷ ಅನುಮಾನಪಟ್ಟದ್ದು!

ಅವರು ಇವಳ ಕಡೆ ತಿರುಗಿ, ‘ಆ ಕೈಗೆ ಇನ್ನು ಬಳೆ ಬೇಡಮ್ಮ. ಬಿ.ಪಿ. ನೋಡಿಸೋದೂ ಬೇಡ, ಭಾರ ಎತ್ತೋದೂ ಬೇಡ’ ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಮೆಲ್ಲಗೆ ತೆಗೆದೆ: ‘ಕುತ್ತಿಗೇದೇ ಚೆನ್ನಾಗ್ ಓಡ್ತಾ ಅದಲ್ಲ. ಗೌರಿ ಹಬ್ಬ ಕಳೀಲಿ. ಬೋಳು ಕೈಲಿ ಬಾಗಿನ ಕೊಡಕ್ಕಾಯ್ತದಾ?’

ಅವಳು ಕಿಟಕಿಯ ಕಡೆಯಿಂದ ಮುಖ ತಿರುಗಿಸಿದಳು. ‘ನಂಗೇನಾರ ಆದದು ಅಂತ ಭಯವೋ, ನನ್ ಕೈ ಬೋಳಾದ್ರೆ ನಿಮಗೇನಾರ ಆದದು ಅಂತ ಭಯವೋ?’

ನಾನು ಟಿಕೆಟ್ಟು ಓದುತ್ತಾ ಕೂತೆ.

‘ಕತ್ತಲ್ಲಿ ನಿಮ್ ತಾಳಿ, ಕೈಲಿ ನಿಮ್ ಬಳೆ, ಕಾಲಲ್ಲಿ ನಿಮ್ ಕಾಲುಂಗುರ. ಡಾಕ್ಟ್ರು ಸೂಜಿ ಚುಚ್ಚಕ್ಕೆ ನಂದು ಅಂತ ಒಂದ್ ಜಾಗ ತೋರ್ಸಿ ಕಣ್ರೀ.’

ಮುಂದಿನ ಸೀಟಿನ ಹೆಂಗಸು ನಕ್ಕಳು. ಆದರೂ ಗೆದ್ದವನು ನಾನೇ. ಹಬ್ಬ ಕಳೆಯುವವರೆಗೆ ಆಪರೇಷನ್ ಬೇಡ ಎಂದಾಯಿತು.

ಪೈಪಿನ ಮೇಲಿನ ಬ್ಯಾಂಡೇಜು ಒದ್ದೆಯಾಗಬಾರದು ಎಂದು ನರ್ಸಮ್ಮ ಸಾರಿ ಸಾರಿ ಹೇಳಿದ್ದರು. ಹಬ್ಬದ ದಿನ ತಲೆಗೆ ನೀರು ಹಾಕಿಕೊಳ್ಳದೆ ಇರುವುದು ಹೇಗೆ? ನಾನೇ ಪ್ಲಾಸ್ಟಿಕ್ ಕವರು ಸುತ್ತಿ, ಟೇಪು ಅಂಟಿಸಿ, ಮೂರು ಸಲ ಒತ್ತಿ ನೋಡಿದೆ. ಲೋಕವನ್ನೆಲ್ಲ ಶಂಕಿಸುವ ನಾನು ನನ್ನ ಟೇಪನ್ನು ಮಾತ್ರ ಶಂಕಿಸಲಿಲ್ಲ. ನೀರು ಒಳಗೆ ಹೋಗಿತ್ತು. ಬ್ಯಾಂಡೇಜು ಬದಲಿಸಿಕೊಂಡು ಬರೋಣ ಎಂದರೆ, ‘ಹಬ್ಬದ ದಿನ ಆಸ್ಪತ್ರೆ ಬ್ಯಾಡ, ನಾಳಿದ್ದು ಹೆಂಗೂ ಹೋಯ್ತೀವಲ್ಲ’ ಎಂದಳು. ನಾನೂ ಸುಮ್ಮನಾದೆ.

ಮುಂದಿನ ಡಯಾಲಿಸಿಸ್ ಶುರುವಾಗಿ ಅರ್ಧ ಗಂಟೆಗೆಲ್ಲ ಅವಳಿಗೆ ನಡುಕ ಹತ್ತಿತು. ಎರಡು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿದ್ದವು. ಸೋಂಕು ರಕ್ತಕ್ಕೆ ಇಳಿದಿತ್ತು. ಮೈಸೂರಿಗೆ ಕರೆದೊಯ್ದೆವು. ಆ ಪೈಪು ತೆಗೆದು, ದಿನವೂ ಇಂಜೆಕ್ಷನ್ ಕೊಟ್ಟು, ಜ್ವರ ಇಳಿದ ಮೇಲೆ ಕುತ್ತಿಗೆಯ ಎಡಗಡೆ ಇನ್ನೊಂದು ಕೂರಿಸಿದರು. ಬದುಕಿದಳು. ಯಾಕೆ ತಡ ಮಾಡಿದಿರಿ ಎಂದು ಸರ್ಜನ್ ಕೇಳಿದಾಗ ಗೌರಿಯ ಹೆಸರು ಹೇಳುವ ಧೈರ್ಯ ನನಗಿರಲಿಲ್ಲ. ಅವಳೇ ಹೇಳಿದಳು: ‘ನಮ್ಮನೆಯವ್ರಿಗೆ ವಸಿ ಭಯ ಜಾಸ್ತಿ ಸಾರ್. ನನ್ ಕೈ ನಂದು, ನೀವ್ ಮಾಡಿ.’

ಫಿಸ್ಟುಲಾ ಆದ ಮೇಲೆ ಬೆಳಗ್ಗೆ ಎದ್ದರೆ ನನ್ನ ಮೊದಲ ಕೆಲಸ ಹೊಲಿಗೆಯ ಮೇಲುಗಡೆ ಬೆರಳಿಟ್ಟು ನೋಡುವುದು. ಒಳಗೆ ಬೆಕ್ಕು ಗುರುಗುಟ್ಟಿದಂತೆ ಅದುರಬೇಕು; ಅದುರುವುದು ನಿಂತರೆ ನಾಳ ಕಟ್ಟಿಕೊಂಡಿತು ಎಂದೇ ಅರ್ಥ. ಅದುರುತ್ತಿತ್ತು. ಅದು ನನ್ನ ಬೆರಳಿನದೇ ನಡುಕವೋ ಏನೋ ಎಂದು ಕಿವಿ ಇಟ್ಟೂ ಕೇಳುತ್ತಿದ್ದೆ. ‘ನಮ್ಮವ್ವನೂ ನನ್ ಕೈ ಇಷ್ಟ್ ಸಲ ಇಡ್ದಿರ್ನಿಲ್ಲ, ಬುಡಿ ಸಾಕು’ ಎನ್ನುವಳು.

ಎರಡು ತಿಂಗಳ ಮೇಲೆ ಆ ಕೈಗೆ ಮೊದಲ ಸಲ ಎರಡು ಸೂಜಿ ಹಾಕಿದರು. ನಾನು ಟೆಕ್ನಿಷಿಯನ್ನಿನ ಮುಖವನ್ನೇ ನೋಡುತ್ತಿದ್ದೆ.

‘ಅತ್ಲಾಗ್ ನೋಡಿ’ ಎಂದಳು ಇವಳು. ‘ನಿಮ್ ಮುಖ ನೋಡಿ ಮಿಷಿನ್ನೇ ನಿಂತೋದದು.’

ರಕ್ತ ಮೆಷಿನ್ನಿನ ಪೈಪಿನೊಳಗೆ ಏರಿತು. ‘ಫ್ಲೋ ಚೆನ್ನಾಗಿದೆ ಸಾರ್’ ಎಂದರು ಟೆಕ್ನಿಷಿಯನ್.

‘ಹಾಗಾದ್ರೆ ಕುತ್ತಿಗೇದು ಇನ್ನೂ ಯಾಕೆ ಇಟ್ಟಿದ್ದೀರಿ? ಇವತ್ತೇ ತೆಗೆಸಿ.’

‘ಇನ್ನೊಂದೆರಡು ವಾರ ಕೈಯಲ್ಲೇ ಸರಿಯಾಗಿ ನಡೀಲಿ ಸಾರ್. ಆಮೇಲೆ ತೆಗೀತಾರೆ.’

ಇವರು ಏನೋ ಮುಚ್ಚಿಡುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಇವಳನ್ನು ಕೇಳೋಣವೆಂದು ತಿರುಗಿದರೆ, ಅವಳಿಗೆ ಆಗಲೇ ನಿದ್ದೆ ಹತ್ತಿತ್ತು.