ನಡುವಿನ ಕಾರ್ಬನ್

ಮನೆಯ ಜಗಳಗಳನ್ನೆಲ್ಲ ರಸಾಯನಶಾಸ್ತ್ರದ ಕಣ್ಣಿನಿಂದ ನೋಡುವ ದುರಭ್ಯಾಸ ನನಗಿದೆ. ಹೆಂಡತಿಗೆ ಇದು ಸೇರುವುದಿಲ್ಲ. ಆದರೆ ತೊಂಬತ್ತರ ದಶಕದ ಕೊನೆಯಲ್ಲಿ, ಅಲೀನ್ ಎಂಬ ಅಣುವಿನ ಬೆನ್ನು ಹತ್ತಿ ಧಾರವಾಡದ ಲ್ಯಾಬಿನಲ್ಲಿ ಹರೆಯ ಕಳೆದವನಿಗೆ ಬೇರೆ ಕಣ್ಣು ಎಲ್ಲಿಂದ ಬರಬೇಕು?

ಹೆಸರು ಕೇಳಿ ಹೆದರಬೇಡಿ. ಅಲೀನ್ ಎಂದರೆ ಸಾಲಾಗಿ ಕುಳಿತ ಮೂರು ಕಾರ್ಬನ್‌ಗಳು, ಅಷ್ಟೇ. ನಡುವಿನವನು ಅತ್ತ ಎರಡು ಕೈ, ಇತ್ತ ಎರಡು ಕೈ ಕೊಟ್ಟು ಇಬ್ಬರನ್ನೂ ಹಿಡಿದಿರುತ್ತಾನೆ. ತುದಿಯವರಿಬ್ಬರಿಗೂ ಮಾತ್ರ ಹೊಂದಿಕೆಯಿಲ್ಲ. ಉಳಿದ ಕೈಗಳನ್ನು ಒಬ್ಬ ಮೇಲೆ-ಕೆಳಗೆ ಚಾಚಿದರೆ ಇನ್ನೊಬ್ಬ ಅಡ್ಡಡ್ಡ ಚಾಚುತ್ತಾನೆ. ಈ ಚಿತ್ರ ನೋಡಿದ ಮೊದಲ ದಿನವೇ ನನಗೆ ಮನೆಯ ನೆನಪಾಯಿತು.

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ನಮ್ಮದು ಕಾಳಿನ ಅಂಗಡಿ. ಅಪ್ಪ, ಅಣ್ಣ ಒಂದೇ ಗಾದಿಯ ಮೇಲೆ ಕುಳಿತು ವ್ಯಾಪಾರ ಮಾಡುತ್ತಿದ್ದರು, ಆದರೆ ಅವರೊಳಗೆ ಮಾತಿರಲಿಲ್ಲ. ಏನಿದ್ದರೂ ನನ್ನ ಮೂಲಕ. ಆ ವರ್ಷ ಅಪ್ಪನ ಕಣ್ಣಿಗೆ ಪೊರೆ ಬಂದು, ಗಿರಾಕಿಗಳನ್ನು ದನಿಯಿಂದ ಗುರುತಿಸುವ ಹೊತ್ತು ಬಂತು. ಇನ್ನು ತಡಮಾಡಬೇಡಿ ಎಂದು ಡಾಕ್ಟರರು ಹೇಳಿದರೂ ಆಪರೇಷನ್ ಎಂದರೆ ಅಪ್ಪ ಒಲ್ಲರು.

"ಅಪ್ಪ ಕಣ್ಣ ಕಳಕೊಂಡು ಕುಂತ್ರ ನಾ ಒಬ್ಬಾಂವ ಏನ್ ಮಾಡ್ಲಿ? ಕೇಳ ಹೋಗು!" ಎಂದು ಅಣ್ಣ ನನ್ನ ಮೇಲೆ ಹರಿಹಾಯುತ್ತಿದ್ದ. ನಾನು ಮಾತಿನ ಮುಳ್ಳು ತೆಗೆದು, "ಆಪರೇಷನ್ ಮಾಡಿಸಿಕೊಂಡ್ರ ಛಲೋ ಅಂತಾನಪ್ಪ ಅಣ್ಣ" ಎಂದು ಒಪ್ಪಿಸುತ್ತಿದ್ದೆ.

"ಅಂವಗ ಅಂಗಡಿ ಚಿಂತಿ. ನನ್ನ ಕಣ್ಣಿನ ಚಿಂತಿ ಅಲ್ಲ" ಎನ್ನುತ್ತಿದ್ದರು ಅಪ್ಪ. ಅದನ್ನೂ ಅಷ್ಟೇ ನಯಮಾಡಿ ಅಣ್ಣನಿಗೆ ಮುಟ್ಟಿಸುತ್ತಿದ್ದೆ. ಮನೆ ನಿಂತಿರುವುದೇ ನನ್ನಿಂದ ಎಂಬ ಜಂಬ ಬೇರೆ.

ಲ್ಯಾಬಿನಲ್ಲಿ ಆ ಜಂಬ ನಡೆಯಲಿಲ್ಲ. ಪಲ್ಲೇಡಿಯಂ ಎಂಬ ಲೋಹವಿರುವ ಹಳದಿ ಪುಡಿಯನ್ನು ಚಿಟಿಕೆಯಷ್ಟು ಹಾಕಿದರೆ ಅಲೀನ್ ಆಗುತ್ತಿತ್ತು. ಸಂಜೆ ನೋಡಿದರೆ ಅದು ಮಾಯವಾಗಿ ಬೇರೇನೋ ಕುಳಿತಿರುತ್ತಿತ್ತು. ನನ್ನ ಗೈಡ್ ಒಂದು ದಿನ ಹಿಂದೆ ನಿಂತು ನೋಡಿ ನಕ್ಕರು.

"ತಮ್ಮಾ, ಅಲೀನ್ ಮಾಡಿದ ಲೋಹನ ಅದನ್ನ ಕೆಡಸಾಕತ್ತೈತಿ. ಅಲೀನ್ ಆತಂದ್ರ ಲಗೂ ಸೋಸಿ ಆ ಪುಡಿ ಹೊರಗ ತಗಿ. ಕೆಲಸ ಮುಗದ ಮ್ಯಾಲೂ ಯಾಕ ಕುಂಡ್ರಸ್ತಿ?"

ಮರುದಿನ ಲ್ಯಾಬ್ ಬಿಟ್ಟು ಕದಲಬಾರದೆಂದು ನಾನು ನಿಶ್ಚಯಿಸಿದ್ದೆ. ಅಂದೇ ವಿಭಾಗದ ಆಫೀಸಿಗೆ ಅಣ್ಣನ ಫೋನು: "ಲಗೂ ಬಾ. ಇವತ್ತ ಆಪರೇಷನ್ ಇಟ್ಟಾರ, ದವಾಖಾನಿಗೆ ಹೋಗಬೇಕು, ಅಪ್ಪ ಒಲ್ಲೆ ಅನ್ನಾಕತ್ತಾನ." ಕಾಲು ಬಸ್ಸಿನ ಕಡೆ ಎಳೆದರೂ ಮನಸ್ಸು ಲ್ಯಾಬಿನ ಫ್ಲಾಸ್ಕಿನ ಮೇಲಿತ್ತು. "ಇವತ್ತ ಆಗೂದಿಲ್ಲ. ನೀನ ಹೇಳು" ಎಂದು ಫೋನಿಟ್ಟೆ. ಅಲೀನ್ ಸಿಕ್ಕಿತು, ಸೋಸಿದೆ, ಉಳಿಯಿತು. ಸಂತೋಷವಾಗಲಿಲ್ಲ.

ಮರುದಿನ ಆಸ್ಪತ್ರೆಗೆ ಹೋದರೆ ಅಪ್ಪನ ಒಂದು ಕಣ್ಣಿಗೆ ಪಟ್ಟಿ. ಅಣ್ಣ ಕಾಲ ಬಳಿ ಕುಳಿತು ಮೋಸಂಬಿ ಸುಲಿಯುತ್ತಿದ್ದ.

"ನಿನ್ನೆ ಬೈಯಾಕ ಬಂದ ನಿಮ್ಮಣ್ಣ ಅತ್ತಬಿಟ್ಟ" ಎಂದರು ಅಪ್ಪ. "ಇಷ್ಟ ಅಂಜ್ಯಾನಂತ ನೀ ಒಂದ ದಿನಾನೂ ಹೇಳಲಿಲ್ಲಲ್ಲೋ?"

ಅಣ್ಣನ ಸಿಟ್ಟನ್ನು ಸೋಸುವಾಗ ಅವನ ಅಂಜಿಕೆಯನ್ನೂ ಚೆಲ್ಲಿಬಿಟ್ಟಿದ್ದೆ. ಅವರಿಬ್ಬರ ನಡುವೆ ನನಗಾಗಿ ಒಂದು ಸ್ಟೂಲು ಖಾಲಿಯಿತ್ತು. ಕುಳಿತುಕೊಳ್ಳಲಿಲ್ಲ. ಚಹಾ ತರುತ್ತೇನೆಂದು ಹೊರಬಿದ್ದವನು ಬೇಕೆಂದೇ ಬಹಳ ತಡಮಾಡಿ ಬಂದೆ.