ಬಂಗುಡೆಯ ಚೀಲ

ಕಂಕನಾಡಿಯಲ್ಲಿ ನಾನು ಕೂರುವ ಮೆಡಿಕಲ್ ಶಾಪಿನ ಫ್ರಿಜ್ಜಿನಲ್ಲಿ ಇನ್ಸುಲಿನ್, ಲಸಿಕೆ ಬಿಟ್ಟು ಬೇರೇನೂ ಇಡುವ ಹಾಗಿಲ್ಲ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಒಬ್ಬರು ಮೀನಿನ ಚೀಲ ಹಿಡಿದುಕೊಂಡು ಬಂದರು. ಔಷಧಿಯ ಚೀಟಿ ಕೊಡುವ ಮೊದಲೇ, "ಇದನ್ನೊಮ್ಮೆ ಫ್ರಿಜ್ಜಲ್ಲಿಡಿ ಮಾರಾಯ್ರೆ, ಬಂಗುಡೆ. ಕಾರಲ್ಲಿ ಬಿಟ್ರೆ ಈ ಬಿಸಿಲಿಗೆ ಹಾಳಾಗ್ತದೆ" ಎಂದರು.

ಆಗುವುದಿಲ್ಲ ಎಂದೆ. ಅವರಿಗೆ ಸಿಟ್ಟು ಬಂತು. ಚೀಲವನ್ನೂ ಚೀಟಿಯನ್ನೂ ಕೌಂಟರಿನ ಮೇಲಿಟ್ಟರು. "ಹಾಗಾದ್ರೆ ಮದ್ದು ಬೇಗ ಕೊಡಿ. ಕಾರಲ್ಲಿ ಮಗು ಮಲಗಿದೆ."

ಚೀಟಿ ಅಲ್ಲೇ ಬಿಟ್ಟು ಹೊರಗೆ ಓಡಿದೆ. "ಎಂತ ಆಯ್ತು? ಗ್ಲಾಸು ಸ್ವಲ್ಪ ಇಳಿಸಿದ್ದೇನೆ. ನಿದ್ದೆ ಹಾಳು ಮಾಡುವುದು ಬೇಡ ಅಂತ ಎಬ್ಬಿಸಲಿಲ್ಲ" ಎನ್ನುತ್ತಾ ಅವರೂ ಹಿಂದೆಯೇ ಬಂದರು. ಬಾಗಿಲು ತೆಗೆದಾಗ ಒಳಗಿನ ಸೆಕೆ ಮುಖಕ್ಕೆ ಹೊಡೆಯಿತು. ಎರಡು ವರ್ಷದ ಹುಡುಗಿ, ಮುಖವೆಲ್ಲ ಕೆಂಪು. ಅಪ್ಪ ಎಷ್ಟು ಕರೆದರೂ ಕಣ್ಣು ಬಿಡಲಿಲ್ಲ. ಎತ್ತಿಕೊಂಡು ಎದುರಿನ ಆಸ್ಪತ್ರೆಗೆ ಓಡಿದೆವು. ನರ್ಸ್ ಒದ್ದೆ ಬಟ್ಟೆಯಲ್ಲಿ ಮೈಯೆಲ್ಲ ಒರೆಸುತ್ತಾ ಹೋದ ಹಾಗೆ ಅವಳು ಕೊನೆಗೂ ಅತ್ತಳು. ಅಪ್ಪ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ನಾನು ಅಂಗಡಿಗೆ ಮರಳಿದಾಗ ಚೀಲ ಕೌಂಟರಿನ ಮೇಲೆಯೇ ಇತ್ತು. ಆಗಲೇ ವಾಸನೆ ಶುರುವಾಗಿತ್ತು. ಮೀನಿನ ವಿಷಯದಲ್ಲಿ ಅವರ ಲೆಕ್ಕ ತಪ್ಪಿರಲಿಲ್ಲ.